ಇಆರ್‌ಪಿಗೆ ಲಿನಕ್ಸ್ ಮೆಷಿನ್: ಯಾವ ಕ್ಲೌಡ್, ಎಷ್ಟು ದೊಡ್ಡದು, ಯಾರು ನೋಡಿಕೊಳ್ಳುತ್ತಾರೆ?

"ಎಡಬ್ಲ್ಯೂಎಸ್ ತಗೊಳ್ಳೋದಾ, ಅಜೂರ್ ತಗೊಳ್ಳೋದಾ?" ಸಣ್ಣ ಕಂಪನಿಯವರು ಇಆರ್‌ಪಿ, ಅಂದರೆ ಸ್ಟಾಕಿನಿಂದ ಲೆಕ್ಕದವರೆಗೆ ಎಲ್ಲ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್, ಹಾಕಿಸಲು ಹೊರಟಾಗ ಮೊದಲು ಕೇಳುವುದು ಇದನ್ನೇ: ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಮೆಷಿನ್, ಅಂದರೆ ಕ್ಲೌಡ್, ಅಮೆಜಾನ್‌ನದಾ ಮೈಕ್ರೋಸಾಫ್ಟ್‌ನದಾ ಅಂತ. ನನ್ನ ಪ್ರಕಾರ ಇದು ನಾಲ್ಕನೆಯದೋ ಐದನೆಯದೋ ಬರಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಬೇರೆ. ಶನಿವಾರ ರಾತ್ರಿ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಯಿತು ಅಂದುಕೊಳ್ಳಿ. ಅದನ್ನು ನೋಡಲು ನಿಮ್ಮಲ್ಲಿ ಯಾರಿದ್ದಾರೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದ ಹಾಗೆ.

ಹೋಲಿಸಲು ಅನುಕೂಲ ಆಗಲಿ ಅಂತ ಒಂದು ಕಂಪನಿಯನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಪೀಣ್ಯದಲ್ಲಿ ಒಂದು ಮೆಷಿನ್ ಶಾಪ್, ಹುಬ್ಬಳ್ಳಿಯಲ್ಲಿ ಒಂದು ಗೋಡೌನ್. ಸ್ಟಾಕು, ಖರೀದಿ, ಬಿಲ್ಲು, ಲೆಕ್ಕ, ಎಲ್ಲ ಸೇರಿ 20 ಜನ ಸಾಫ್ಟ್‌ವೇರ್ ಬಳಸುತ್ತಾರೆ. ಐಟಿ ಅಂತ ಪ್ರತ್ಯೇಕ ವಿಭಾಗ ಇಲ್ಲ. ಕಂಪ್ಯೂಟರ್ ಗೊತ್ತಿರುವ ಒಬ್ಬ ಹುಡುಗ ಇದ್ದಾನೆ, ಅವನಿಗೆ ಬೇರೆ ಕೆಲಸವೂ ಇದೆ. ಇಂಥ ಕಂಪನಿಗಳೇ ಜಾಸ್ತಿ, ಅಲ್ವಾ?

ನಿಮ್ಮ ಸಾಫ್ಟ್‌ವೇರಿಗೆ ಲಿನಕ್ಸ್ ಬೇಕಾ?

ಟ್ಯಾಲಿ ಮಾತ್ರ ಬಳಸುವವರಿಗೆ ಈ ಬರಹದಿಂದ ಹೆಚ್ಚು ಉಪಯೋಗ ಇಲ್ಲ. ಟ್ಯಾಲಿಪ್ರೈಮ್ ಬೆಂಗಳೂರಿನದೇ ಕಂಪನಿಯ ಸಾಫ್ಟ್‌ವೇರ್, ಆದರೆ ಓಡುವುದು ವಿಂಡೋಸ್ ಮೇಲೆ. ವೈನ್ ಅನ್ನುವ ನಡುವಿನ ಸಾಫ್ಟ್‌ವೇರ್ ಹಾಕಿಕೊಂಡು ಲಿನಕ್ಸ್‌ನಲ್ಲಿ ಓಡಿಸುವವರೂ ಇದ್ದಾರೆ. ಕಂಪನಿಯ ಲೆಕ್ಕವನ್ನು ಆ ದಾರಿಗೆ ಹಾಕಬೇಡಿ.

ದೊಡ್ಡ ಕಂಪನಿಗಳ ಇಆರ್‌ಪಿ ಮಾಡುವ ಎಸ್‌ಎಪಿಯ ಹಾನಾ ಡೇಟಾಬೇಸ್ ಬೇಕು ಅನ್ನುವವರ ದಾರಿ ಇನ್ನೊಂದು. ಹಾನಾ ಲಿನಕ್ಸ್ ಮೇಲೇ ಓಡುತ್ತದೆ, ಆದರೆ ಯಾವುದೋ ಒಂದು ಲಿನಕ್ಸ್ ಆದರೆ ಸಾಲದು. ಸೂಸೆ ಎಂಟರ್‌ಪ್ರೈಸ್ ಅಥವಾ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಆಗಬೇಕು. ಕ್ಲೌಡ್‌ನಲ್ಲೂ ಎಸ್‌ಎಪಿ ಪ್ರಮಾಣೀಕರಿಸಿದ ಮೆಷಿನ್ ಮಾದರಿಗಳೇ ಆಗಬೇಕು. ಅಲ್ಲಿಗೆ ಆಯ್ಕೆ ತಾನಾಗಿ ದೊಡ್ಡ ಕ್ಲೌಡ್‌ಗಳಿಗೆ ಇಳಿಯುತ್ತದೆ. ಮಿಕ್ಕಿದ್ದನ್ನು ಎಸ್‌ಎಪಿ ಪಾರ್ಟ್ನರ್, ಅಂದರೆ ಅದನ್ನು ಹಾಕಿಕೊಡುವ ಕಂಪನಿಯವರು, ಹೇಳುತ್ತಾರೆ.

ನಿಜವಾದ ಆಯ್ಕೆ ಇರುವುದು ಇಆರ್‌ಪಿನೆಕ್ಸ್ಟ್ ಮತ್ತು ಓಡೂ ತರಹದ ಸಾಫ್ಟ್‌ವೇರ್‌ಗಳಲ್ಲಿ. ಇಆರ್‌ಪಿನೆಕ್ಸ್ಟ್ ಮುಂಬೈನ ಫ್ರಾಪೆ ಕಂಪನಿಯದು, ಪೂರ್ತಿ ಓಪನ್ ಸೋರ್ಸ್. ಪೈಥಾನ್ ಭಾಷೆ, ಮರಿಯಾಡಿಬಿ ಡೇಟಾಬೇಸ್, ಜೊತೆಗೆ ರೆಡಿಸ್, ನೋಡ್ ಇದರ ಅಡಿಪಾಯ. ಓಡೂ ಬೆಲ್ಜಿಯಂನದು. ಅದೂ ಪೈಥಾನ್, ಡೇಟಾಬೇಸ್ ಮಾತ್ರ ಪೋಸ್ಟ್‌ಗ್ರೆಸ್. ಓಡೂದ ಉಚಿತ ಕಮ್ಯುನಿಟಿ ಆವೃತ್ತಿಯಲ್ಲಿ ಬಿಲ್ಲಿಂಗ್ ಸಿಗುತ್ತದೆ, ಪೂರ್ತಿ ಅಕೌಂಟಿಂಗ್ ಸಿಗಲ್ಲ. ಅದಕ್ಕೆ ಎಂಟರ್‌ಪ್ರೈಸ್ ಲೈಸೆನ್ಸ್ ಬೇಕು. ಸರ್ವರ್‌ನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಉಳಿಸಲು ಒದ್ದಾಡುವ ಮುಂಚೆ ತಲೆಗೆ ಇಷ್ಟು ಅಂತ ಬರುವ ಆ ಲೈಸೆನ್ಸ್ ಖರ್ಚನ್ನು ಕೂಡಿಸಿ ನೋಡಿ.

ಎಷ್ಟು ದೊಡ್ಡ ಮೆಷಿನ್?

ಇಲ್ಲಿ ಸಿಪಿಯುಗಿಂತ ರ‍್ಯಾಮ್ ಮುಖ್ಯ. ಇಆರ್‌ಪಿನೆಕ್ಸ್ಟ್ ಅನ್ನು 2 ಜಿಬಿ ಮೆಷಿನ್ ಮೇಲೆ ಹಾಕಿದರೆ ದಿನದ ಕೆಲಸ ಹೇಗೋ ನಡೆಯಬಹುದು. ಅಪ್‌ಡೇಟ್ ಮಾಡಿದ ದಿನ ಗೊತ್ತಾಗುತ್ತದೆ. ಜಾವಾಸ್ಕ್ರಿಪ್ಟ್ ಫೈಲ್‌ಗಳನ್ನು ಕಟ್ಟುವ ಹೊತ್ತಿನಲ್ಲಿ ಮೆಮೊರಿ ಮುಗಿದು ಲಿನಕ್ಸ್ ಆ ಕೆಲಸವನ್ನೇ ಕೊಂದು ಹಾಕುತ್ತದೆ. ಕೆಲವೊಮ್ಮೆ ಡೇಟಾಬೇಸನ್ನೇ ಕೊಲ್ಲುತ್ತದೆ. 4 ಜಿಬಿಗಿಂತ ಕೆಳಗೆ ಯೋಚನೆಯೇ ಬೇಡ. ಹತ್ತು ಜನರವರೆಗೆ 4 ಜಿಬಿ ನಡೆಯುತ್ತದೆ. ನಮ್ಮ 20 ಜನರ ಕಂಪನಿಗೆ 8 ಜಿಬಿ ಇರಲಿ.

ಓಡೂದವರು ಇದಕ್ಕೆ ಒಂದು ಸೂತ್ರ ಕೊಟ್ಟಿದ್ದಾರೆ. ಸಿಪಿಯು ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿ. ಅಷ್ಟು ವರ್ಕರ್, ಅಂದರೆ ಬಂದ ಕೆಲಸ ಮಾಡುವ ಓಡೂ ಪ್ರೊಸೆಸ್, ಇಡಿ. ಒಂದು ವರ್ಕರ್ ಒಂದೇ ಹೊತ್ತಿಗೆ ಬಳಸುವ ಸುಮಾರು ಆರು ಜನರನ್ನು ನೋಡಿಕೊಳ್ಳುತ್ತದೆ. ಅಂದರೆ 2 ಸಿಪಿಯು ಇದ್ದರೆ 5 ವರ್ಕರ್, ಸುಮಾರು 30 ಜನ. ಲಾಗಿನ್ ಇರುವವರ ಸಂಖ್ಯೆ ಬೇರೆ, ಒಂದೇ ಹೊತ್ತಿಗೆ ಬಟನ್ ಒತ್ತುವವರ ಸಂಖ್ಯೆ ಬೇರೆ. ಸೂತ್ರ ಹೇಳುವುದು ಎರಡನೆಯವರ ಬಗ್ಗೆ. ಭಾರವಾದ ಕೆಲಸ ಮಾಡುವ ವರ್ಕರ್ ಒಂದು ಜಿಬಿವರೆಗೂ ರ‍್ಯಾಮ್ ತಿನ್ನಬಹುದು ಅಂತಲೂ ಅವರೇ ಲೆಕ್ಕ ಹಾಕಿದ್ದಾರೆ. ಸುತ್ತಿ ಬಳಸಿ ಮತ್ತೆ ರ‍್ಯಾಮ್‌ಗೇ ಬಂದೆವು.

ಮೆಷಿನ್ ಚಿಕ್ಕದಾಯಿತು ಅಂತ ಆಮೇಲೆ ಅನಿಸಿದರೆ ನಿಲ್ಲಿಸಿ, ದೊಡ್ಡದು ಮಾಡಿ, ಮತ್ತೆ ಶುರು ಮಾಡಬಹುದು. ಎಲ್ಲ ಕ್ಲೌಡ್‌ನಲ್ಲೂ ಇದು ಹತ್ತು ಹದಿನೈದು ನಿಮಿಷದ ಕೆಲಸ. ಡಿಸ್ಕ್ ವಿಷಯ ಹಾಗಲ್ಲ. ದೊಡ್ಡದು ಮಾಡುವುದು ಸುಲಭ, ಮತ್ತೆ ಚಿಕ್ಕದು ಮಾಡುವುದು ದೊಡ್ಡ ತಲೆನೋವು. "ಇರಲಿ ಬಿಡಿ, 500 ಜಿಬಿ ಹಾಕಿ" ಅಂತ ಸುಮ್ನೆ ಒಪ್ಪಬೇಡಿ.

ಮೂರು ದಾರಿ

ದಾರಿ ಒಂದು: ಸಾಫ್ಟ್‌ವೇರ್ ಮಾಡಿದವರೇ ನಡೆಸುವ ಸೇವೆ. ಇಆರ್‌ಪಿನೆಕ್ಸ್ಟ್‌ಗೆ ಫ್ರಾಪೆ ಕ್ಲೌಡ್, ಓಡೂಗೆ ಓಡೂ ಆನ್‌ಲೈನ್ ಮತ್ತು ಓಡೂ ಡಾಟ್ ಎಸ್‌ಎಚ್. ಲಿನಕ್ಸ್ ಮೆಷಿನ್ ಇರುತ್ತದೆ, ನಿಮ್ಮ ಕಣ್ಣಿಗೆ ಬೀಳಲ್ಲ. ಅಪ್‌ಡೇಟ್, ಬ್ಯಾಕಪ್, ಸೆಕ್ಯುರಿಟಿ ಪ್ಯಾಚ್ ಎಲ್ಲ ಅವರ ತಲೆನೋವು.

ದಾರಿ ಎರಡು: ಒಂದೇ ದರದ ವಿಪಿಎಸ್, ಅಂದರೆ ದೊಡ್ಡ ಸರ್ವರ್‌ನಲ್ಲಿ ನಿಮ್ಮ ಪಾಲಿಗೆ ಬಾಡಿಗೆಗೆ ಸಿಗುವ ಮೆಷಿನ್. ಡಿಜಿಟಲ್‌ಓಷನ್, ಅಕಾಮಾಯ್ ಸೇರಿಕೊಂಡ ಲಿನೋಡ್, ವಲ್ಟ್ರ್, ಎಡಬ್ಲ್ಯೂಎಸ್‌ನದೇ ಆದ ಲೈಟ್‌ಸೇಲ್. ನಮ್ಮ ದೇಶದವರಲ್ಲಿ ಇ2ಇ ನೆಟ್‌ವರ್ಕ್ಸ್. ತಿಂಗಳಿಗೆ ಇಷ್ಟು ಅಂತ ಮೊದಲೇ ಗೊತ್ತಿರುತ್ತದೆ.

ದಾರಿ ಮೂರು: ದೊಡ್ಡ ಮೂವರು. ಎಡಬ್ಲ್ಯೂಎಸ್, ಅಜೂರ್, ಗೂಗಲ್ ಕ್ಲೌಡ್. ಇಲ್ಲಿ ಸಿಪಿಯು, ಡಿಸ್ಕ್, ಐಪಿ ವಿಳಾಸ, ಹೊರಹೋಗುವ ಡೇಟಾ, ಪ್ರತಿಯೊಂದಕ್ಕೂ ಬೇರೆ ಬೇರೆ ಮೀಟರ್.

ಶನಿವಾರ ರಾತ್ರಿಯ ಪ್ರಶ್ನೆಗೆ "ಯಾರೂ ಇಲ್ಲ" ಅನ್ನುವುದು ನಿಮ್ಮ ಉತ್ತರ ಆಗಿದ್ದರೆ ಮೊದಲ ದಾರಿ ಹಿಡಿಯಿರಿ. ದುಬಾರಿ ಅನಿಸಬಹುದು. ಆದರೆ ಲಿನಕ್ಸ್ ಗೊತ್ತಿರುವ ಒಬ್ಬರಿಗೆ ತಿಂಗಳಿಗೆ ನಾಲ್ಕು ಗಂಟೆಯ ಸಂಬಳ ಲೆಕ್ಕ ಹಾಕಿದರೂ ಆ ವ್ಯತ್ಯಾಸ ಕರಗಿ ಹೋಗುತ್ತದೆ. ಒಂದೇ ಎಚ್ಚರಿಕೆ: ನಿಮ್ಮ ಪಾರ್ಟ್ನರ್ ನಿಮಗಾಗಿ ಬೇರೆ ಕೋಡ್ ಬರೆದಿದ್ದರೆ ಅದು ಅಲ್ಲಿ ಓಡುತ್ತದಾ ಅಂತ ಮೊದಲೇ ಕೇಳಿ. ಓಡೂ ಆನ್‌ಲೈನ್‌ನಲ್ಲಿ ಹೊರಗಿನ ಮಾಡ್ಯೂಲ್ ಹಾಕಲು ಬಿಡುವುದಿಲ್ಲ, ಅದಕ್ಕೆ ಓಡೂ ಡಾಟ್ ಎಸ್‌ಎಚ್ ಬೇಕು. ಫ್ರಾಪೆ ಕ್ಲೌಡ್‌ನಲ್ಲೂ ಸ್ವಂತ ಆಪ್ ಹಾಕಲು ಯಾವ ಪ್ಲಾನ್ ಬೇಕು ಅಂತ ವಿಚಾರಿಸಿಕೊಳ್ಳಿ.

ಲಿನಕ್ಸ್ ಟರ್ಮಿನಲ್‌ಗೆ ಹೆದರದ ಒಬ್ಬ ಹುಡುಗ ಇದ್ದರೆ, ಅಥವಾ ವರ್ಷದ ಒಪ್ಪಂದದ ಮೇಲೆ ನೋಡಿಕೊಳ್ಳುವ ಒಬ್ಬರು ಸಿಕ್ಕರೆ, ಎರಡನೇ ದಾರಿಗೆ ಬನ್ನಿ. 20 ಜನರ ಕಂಪನಿಗೆ ನನ್ನ ಓಟು ಇದಕ್ಕೇ.

ದುಡ್ಡಿನ ಮಾತು

ಬೆಲೆಗಳು ಬದಲಾಗುತ್ತಲೇ ಇರುತ್ತವೆ. ಕೊಳ್ಳುವ ದಿನ ಅವರವರ ಪುಟ ನೋಡಿಕೊಳ್ಳಿ. ಆದರೆ ಬಿಲ್ಲಿನ ಆಕಾರ ಬದಲಾಗುವುದು ಕಡಿಮೆ, ಅದನ್ನು ನೋಡೋಣ.

8 ಜಿಬಿ ರ‍್ಯಾಮ್ ಮೆಷಿನ್ ತೆಗೆದುಕೊಳ್ಳಿ. ಡಿಜಿಟಲ್‌ಓಷನ್‌ನಲ್ಲಿ 4 ಸಿಪಿಯು, 160 ಜಿಬಿ ಡಿಸ್ಕ್, 5 ಟಿಬಿ ಡೇಟಾ ಸೇರಿ ತಿಂಗಳಿಗೆ 48 ಡಾಲರ್. ಎಡಬ್ಲ್ಯೂಎಸ್ ಮುಂಬೈನಲ್ಲಿ ಟಿ3 ಲಾರ್ಜ್ ಅಂದರೆ 2 ಸಿಪಿಯು, 8 ಜಿಬಿ. ಅದು ತಿಂಗಳು ಪೂರ್ತಿ ಓಡಿದರೆ ಸುಮಾರು 65 ಡಾಲರ್. ಅದಕ್ಕೆ 80 ಜಿಬಿ ಡಿಸ್ಕ್ ಸೇರಿಸಿದರೆ ಇನ್ನೊಂದು 7 ಡಾಲರ್. 2024ರ ಫೆಬ್ರವರಿ 1ರಿಂದ ಎಡಬ್ಲ್ಯೂಎಸ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಹಾಕುತ್ತದೆ. ಅದು ತಿಂಗಳಿಗೆ ಮೂರೂವರೆ ಡಾಲರ್ ಚಿಲ್ಲರೆ. ಹೊರಹೋಗುವ ಡೇಟಾ ಮೊದಲ 100 ಜಿಬಿ ಉಚಿತ, ಆಮೇಲೆ ಮುಂಬೈನಿಂದ ಜಿಬಿಗೆ ಸುಮಾರು 11 ಸೆಂಟ್. ಇಆರ್‌ಪಿಯಿಂದ ಅಷ್ಟು ಡೇಟಾ ಹೋಗುವುದು ಕಡಿಮೆ, ಆದರೆ ದಿನಾ ಬ್ಯಾಕಪ್ ಹೊರಗೆ ಇಳಿಸಿಕೊಂಡರೆ ಲೆಕ್ಕ ಏರುತ್ತದೆ.

ಎಡಬ್ಲ್ಯೂಎಸ್‌ನಲ್ಲಿ ಒಂದು ವರ್ಷ ಬಳಸುತ್ತೇವೆ ಅಂತ ಮಾತು ಕೊಟ್ಟು ಸೇವಿಂಗ್ಸ್ ಪ್ಲಾನ್ ತೆಗೆದುಕೊಂಡರೆ ಮೆಷಿನ್ ಬಾಡಿಗೆ ಕಾಲು ಭಾಗದಷ್ಟೋ ಅದಕ್ಕಿಂತ ಜಾಸ್ತಿಯೋ ಇಳಿಯುತ್ತದೆ. ಆಗ ಎರಡರ ನಡುವಿನ ಅಂತರ ಸಣ್ಣದಾಗುತ್ತದೆ. ಮೊದಲ ಎರಡು ತಿಂಗಳು ಈ ಪ್ಲಾನ್ ಬೇಡ. ಮೆಷಿನ್ ಗಾತ್ರ ಸರಿಯಾಗಿದೆಯಾ ಅಂತ ನೋಡಿಕೊಂಡು ಆಮೇಲೆ ಮಾತು ಕೊಡಿ.

ಇನ್ನೊಂದು ಸೂಕ್ಷ್ಮ ಇದೆ. ಎಡಬ್ಲ್ಯೂಎಸ್‌ನ ಟಿ3 ಮೆಷಿನ್‌ಗಳಿಗೆ ಪೂರ್ತಿ ಸಿಪಿಯು ಸದಾ ಸಿಗುವುದಿಲ್ಲ. ಟಿ3 ಮೀಡಿಯಂಗೆ ಸಿಗುವ ಮೂಲ ಪಾಲು ಸಿಪಿಯು ಒಂದಕ್ಕೆ 20 ಶೇಕಡಾ, ಲಾರ್ಜ್‌ಗೆ 30 ಶೇಕಡಾ. ಕೆಲಸ ಕಡಿಮೆ ಇದ್ದಾಗ ಕ್ರೆಡಿಟ್ ಜಮಾ ಆಗುತ್ತದೆ, ಜಾಸ್ತಿ ಇದ್ದಾಗ ಖರ್ಚಾಗುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಕ್ರೆಡಿಟ್ ಮುಗಿದರೆ ಟಿ3 ನಿಧಾನ ಆಗುವುದಿಲ್ಲ, ಸರಾಸರಿ ಬಳಕೆ ಮೂಲ ಪಾಲನ್ನು ಮೀರಿದರೆ ಹೆಚ್ಚಿನದು ಬಿಲ್ಲಿಗೆ ಸೇರುತ್ತದೆ. ಅದೇ ಎಡಬ್ಲ್ಯೂಎಸ್‌ನ ಲೈಟ್‌ಸೇಲ್ ಮತ್ತು ಅಜೂರ್‌ನ ಬಿ ಸರಣಿ ಹಾಗಲ್ಲ. ಬಿಲ್ ಏರುವುದಿಲ್ಲ, ಮೆಷಿನ್ ತೆವಳುತ್ತದೆ.

ಇದು ಯಾವಾಗ ಕಾಡುತ್ತದೆ ಗೊತ್ತಾ? ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಅದರ ಹಿಂದಿನ ಎರಡು ದಿನ ಅಕೌಂಟ್ಸ್‌ನವರು ಬೆಳಗ್ಗೆಯಿಂದ ರಾತ್ರಿವರೆಗೆ ದೊಡ್ಡ ದೊಡ್ಡ ರಿಪೋರ್ಟ್ ತೆಗೆಯುತ್ತಾರೆ. ತಿಂಗಳಿಡೀ ಸರಿಯಿದ್ದ ಮೆಷಿನ್ ಸರಿಯಾಗಿ ಅವತ್ತೇ ಕೈಕೊಡುತ್ತದೆ. ಹಾಗಾಗಿ ಪರೀಕ್ಷೆ ಮಾಡುವುದಿದ್ದರೆ ಆ ದಿನಗಳಲ್ಲೇ ಮಾಡಿ. ಒಂದನೇ ತಾರೀಕು ಡೆಮೊ ನೋಡಿ "ಫಾಸ್ಟ್ ಆಗಿದೆ" ಅಂದರೆ ಏನೂ ಗೊತ್ತಾಗಲ್ಲ. ಡಿಜಿಟಲ್‌ಓಷನ್‌ನ ಬೇಸಿಕ್ ಮೆಷಿನ್‌ನಲ್ಲೂ ಸಿಪಿಯು ಹಂಚಿಕೆಯದೇ, ಅಕ್ಕಪಕ್ಕದವರ ಭಾರ ನಿಮಗೂ ತಟ್ಟಬಹುದು.

ರಾತ್ರಿ ಮೆಷಿನ್ ಆಫ್ ಮಾಡಿ ದುಡ್ಡು ಉಳಿಸುತ್ತೇವೆ ಅನ್ನುವವರಿಗೆ ಒಂದು ಮಾತು. ಎಡಬ್ಲ್ಯೂಎಸ್ ಮತ್ತು ಗೂಗಲ್‌ನಲ್ಲಿ ನಿಲ್ಲಿಸಿದರೆ ಸಿಪಿಯು ಬಾಡಿಗೆ ನಿಲ್ಲುತ್ತದೆ, ಡಿಸ್ಕ್ ಬಾಡಿಗೆ ಓಡುತ್ತದೆ. ಅಜೂರ್‌ನಲ್ಲಿ ಲಿನಕ್ಸ್ ಒಳಗಿನಿಂದ ಶಟ್‌ಡೌನ್ ಮಾಡಿದರೆ ಬಾಡಿಗೆ ನಿಲ್ಲಲ್ಲ. ಪೋರ್ಟಲ್‌ಗೆ ಹೋಗಿ ನಿಲ್ಲಿಸಿ "ಡೀಅಲೊಕೇಟೆಡ್" ಅಂತ ಬರಬೇಕು. ಡಿಜಿಟಲ್‌ಓಷನ್‌ನಲ್ಲಿ ಆಫ್ ಮಾಡಿದರೂ ಪೂರ್ತಿ ಬಿಲ್ ಬರುತ್ತದೆ, ಮೆಷಿನ್ ಅಳಿಸಿದರೆ ಮಾತ್ರ ನಿಲ್ಲುತ್ತದೆ.

ಇನ್ನು ಬಿಲ್ ಕಟ್ಟುವ ಬಗೆ. ಎಡಬ್ಲ್ಯೂಎಸ್, ಅಜೂರ್, ಗೂಗಲ್ ಮೂರೂ ತಮ್ಮ ಭಾರತದ ಕಂಪನಿಗಳ ಮೂಲಕ 18 ಶೇಕಡಾ ಜಿಎಸ್‌ಟಿ ಸೇರಿಸಿ ಬಿಲ್ ಕೊಡುತ್ತವೆ. ಇನ್‌ಪುಟ್ ಕ್ರೆಡಿಟ್ ಸಲೀಸು. ವಿದೇಶಿ ಕಂಪನಿ ನೇರವಾಗಿ ಬಿಲ್ ಕೊಟ್ಟರೆ ನೀವೇ ರಿವರ್ಸ್ ಚಾರ್ಜ್‌ನಲ್ಲಿ ಜಿಎಸ್‌ಟಿ ಕಟ್ಟಿ ಆಮೇಲೆ ಕ್ರೆಡಿಟ್ ತೆಗೆದುಕೊಳ್ಳಬೇಕು. ನಿಮ್ಮ ಆಡಿಟರ್‌ಗೆ ಮೊದಲೇ ಹೇಳಿಡಿ. ಕಾರ್ಡ್‌ನಲ್ಲಿ ತಾನಾಗಿ ಕಟ್ಟಾಗುವ ಹಣಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ನಿಯಮ ಬಿಗಿ ಮಾಡಿದೆ. 15,000 ರೂಪಾಯಿ ಮೀರಿದರೆ ಪ್ರತಿ ಸಲವೂ ಒಟಿಪಿ ಬೇಕು. ಆ ಮೆಸೇಜ್ ಯಾರೂ ನೋಡದೆ, ಬಿಲ್ ಬಾಕಿ ಬಿದ್ದು, ಮೆಷಿನ್ ನಿಂತ ಕಥೆಗಳು ಬೇಕಾದಷ್ಟಿವೆ. ಬಿಲ್ಲಿನ ಇಮೇಲ್ ಅಕೌಂಟ್ಸ್ ವಿಭಾಗದ ಇಬ್ಬರಿಗಾದರೂ ಹೋಗುವ ಹಾಗೆ ಮಾಡಿ.

ಓರಾಕಲ್‌ನ ಉಚಿತ ಮೆಷಿನ್ ಬಗ್ಗೆ ಯೂಟ್ಯೂಬ್‌ನಲ್ಲಿ ನೋಡಿದವರು ಕೇಳುತ್ತಾರೆ. ಕಲಿಯಲು ಚೆನ್ನಾಗಿದೆ. ಸುಮ್ಮನೆ ಕೂತ ಉಚಿತ ಮೆಷಿನ್‌ಗಳನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ಓರಾಕಲ್ ತನ್ನ ನಿಯಮದಲ್ಲೇ ಬರೆದಿದೆ. ಕಂಪನಿಯ ಲೆಡ್ಜರ್ ಇಡುವ ಜಾಗ ಅದಲ್ಲ.

ದೊಡ್ಡ ಮೂವರಲ್ಲಿ ಯಾರು?

ಕಾರಣ ಇದ್ದರೆ ಮಾತ್ರ ಈ ಪ್ರಶ್ನೆ. ಕಾರಣ ಅಂದರೆ ಹೀಗೆ: ದೊಡ್ಡ ಗ್ರಾಹಕರು ಸೆಕ್ಯುರಿಟಿ ಆಡಿಟ್ ಕೇಳುತ್ತಾರೆ, ಡೇಟಾಬೇಸ್ ಪ್ರತ್ಯೇಕ ಇಟ್ಟು ಎರಡು ಕಡೆ ನಕಲು ಬೇಕು, ಬಳಸುವವರು ನೂರು ದಾಟಿದ್ದಾರೆ.

ಆಫೀಸಿನಲ್ಲಿ ಆಗಲೇ ಮೈಕ್ರೋಸಾಫ್ಟ್ 365 ಇದ್ದು ಎಲ್ಲರ ಲಾಗಿನ್ ಅಲ್ಲೇ ಇದ್ದರೆ ಅಜೂರ್ ನೋಡಿ. ಅದೇ ಲಾಗಿನ್‌ನಿಂದ ಸರ್ವರ್‌ಗೂ ಬೀಗ ಹಾಕಬಹುದು. ಕೆಲಸ ಬಿಟ್ಟವರ ಅಕೌಂಟ್ ಒಂದು ಕಡೆ ಮುಚ್ಚಿದರೆ ಎಲ್ಲ ಕಡೆ ಮುಚ್ಚುತ್ತದೆ. ಗೂಗಲ್‌ನಲ್ಲಿ ಸಿಪಿಯು ಮತ್ತು ರ‍್ಯಾಮ್ ಅನ್ನು ನಮಗೆ ಬೇಕಾದ ಅಳತೆಯಲ್ಲಿ ಕತ್ತರಿಸಿಕೊಳ್ಳಬಹುದು. ರ‍್ಯಾಮ್ ಜಾಸ್ತಿ, ಸಿಪಿಯು ಕಡಿಮೆ ಬೇಕಾಗುವ ಇಆರ್‌ಪಿಗೆ ಇದು ನಿಜಕ್ಕೂ ಒಳ್ಳೆಯದು. ಇವೆರಡೂ ಕಾರಣ ಇಲ್ಲದಿದ್ದರೆ ಎಡಬ್ಲ್ಯೂಎಸ್. ಅದು ಉಳಿದವಕ್ಕಿಂತ ಚೆನ್ನಾಗಿದೆ ಅಂತಲ್ಲ. ಅದು ಗೊತ್ತಿರುವ ಜನ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲೂ ಸುಲಭವಾಗಿ ಸಿಗುತ್ತಾರೆ.

ಎಡಬ್ಲ್ಯೂಎಸ್‌ನಲ್ಲಿ ಡಿಸ್ಕ್ ಆರಿಸುವಾಗ ಜಿಪಿ3 ಆರಿಸಿ. ಎಷ್ಟೇ ಚಿಕ್ಕ ಡಿಸ್ಕ್ ಆದರೂ 3,000 ಐಓಪಿಎಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ ಓದುವ-ಬರೆಯುವ ವೇಗ, ಸಿಗುತ್ತದೆ. ಹಳೆಯ ಜಿಪಿ2ದಲ್ಲಿ ವೇಗ ಗಾತ್ರದ ಮೇಲೆ ನಿಂತಿದೆ, ಜಿಬಿಗೆ ಮೂರರ ಲೆಕ್ಕ. ಹಳೆಯ ಗೈಡ್ ನೋಡಿ ಮಾಡುವವರು ಇವತ್ತಿಗೂ ಜಿಪಿ2 ಹಾಕುತ್ತಾರೆ.

ಯಾವ ಊರು?

ಡಿಜಿಟಲ್‌ಓಷನ್‌ಗೆ 2016ರಿಂದ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ. ವಲ್ಟ್ರ್ ಕೂಡ ಬೆಂಗಳೂರಿನಲ್ಲಿದೆ. ಲಿನೋಡ್ ಮುಂಬೈ ಮತ್ತು ಚೆನ್ನೈ. ಎಡಬ್ಲ್ಯೂಎಸ್ 2016ರಲ್ಲಿ ಮುಂಬೈಗೂ 2022ರಲ್ಲಿ ಹೈದರಾಬಾದಿಗೂ ಬಂತು. ಗೂಗಲ್ ಮುಂಬೈ ಮತ್ತು ದೆಹಲಿ. ಅಜೂರ್ ಪುಣೆ, ಚೆನ್ನೈ, ಮುಂಬೈ. ಅಜೂರ್‌ನಲ್ಲಿ ನಮಗೆ ಹತ್ತಿರದ್ದು ಚೆನ್ನೈ ಅನಿಸಿದರೂ ಪುಣೆ ಆರಿಸಿ. ಸೌಲಭ್ಯ ಮತ್ತು ಮೆಷಿನ್ ಮಾದರಿಗಳು ಅಲ್ಲೇ ಜಾಸ್ತಿ.

ಬೆಂಗಳೂರಿನಿಂದ ಮುಂಬೈಗೆ ಹೋಗಿ ಬರಲು ಸಾಮಾನ್ಯವಾಗಿ 20-30 ಮಿಲಿಸೆಕೆಂಡ್. ಮನುಷ್ಯರಿಗೆ ಗೊತ್ತಾಗಲ್ಲ. ಜರ್ಮನಿಯ ಹೆಟ್ಜ್‌ನರ್ ತುಂಬ ಅಗ್ಗ ಅಂತ ಅಲ್ಲಿ ಇಟ್ಟರೆ ಒಂದೊಂದು ಸಲಕ್ಕೂ ನೂರು ಮಿಲಿಸೆಕೆಂಡ್ ದಾಟುತ್ತದೆ. ಇಆರ್‌ಪಿಯ ಒಂದು ಪುಟ ತೆರೆಯಲು ಬ್ರೌಸರ್ ಹತ್ತಾರು ಸಲ ಸರ್ವರ್ ಬಾಗಿಲು ತಟ್ಟುತ್ತದೆ. ಆಗ ಗೊತ್ತಾಗುತ್ತದೆ, ಅದರಲ್ಲೂ ಗೋಡೌನ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಮೇಲೆ ಕೆಲಸ ಮಾಡುವವರಿಗೆ.

ಕಾನೂನೂ ಇದೆ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ 2014ರ ಕಂಪನಿಗಳ ಲೆಕ್ಕಪತ್ರ ನಿಯಮಗಳು ನಿಮಗೆ ಅನ್ವಯಿಸುತ್ತವೆ. ಲೆಕ್ಕದ ಪುಸ್ತಕ ಕಂಪ್ಯೂಟರ್‌ನಲ್ಲಿದ್ದರೆ ಅದರ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು. ಮೊದಲು "ಆಗಾಗ" ಅಂತ ಇದ್ದದ್ದನ್ನು 2022ರ ಆಗಸ್ಟ್‌ನಲ್ಲಿ "ಪ್ರತಿದಿನ" ಅಂತ ಬದಲಿಸಿದರು. 2023ರ ಏಪ್ರಿಲ್ 1ರಿಂದ ಆಡಿಟ್ ಟ್ರೇಲ್ ಕೂಡ ಕಡ್ಡಾಯ. ಅಂದರೆ ಯಾರು ಯಾವ ಎಂಟ್ರಿ ಯಾವಾಗ ಬದಲಿಸಿದರು ಅನ್ನುವ ದಾಖಲೆ ಇರಬೇಕು, ಅದನ್ನು ಆಫ್ ಮಾಡಲು ಬರಬಾರದು. ಅದು ಸಾಫ್ಟ್‌ವೇರ್ ಮಾಡುವ ಕೆಲಸ. ಆದರೆ ಡೇಟಾಬೇಸ್‌ಗೆ ನೇರ ಕೈಹಾಕಲು ಎಷ್ಟು ಜನರಿಗೆ ಬಿಡುತ್ತೀರಿ ಅನ್ನುವುದು ಸರ್ವರ್ ನಡೆಸುವವರ ಕೆಲಸ.

ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಕಂಪನಿಗಳು ಸಿಸ್ಟಮ್ ಲಾಗ್‌ಗಳನ್ನು (ಮೆಷಿನ್‌ನಲ್ಲಿ ಏನೇನು ಆಯಿತು ಅನ್ನುವ ದಾಖಲೆ) 180 ದಿನ ಇಟ್ಟುಕೊಳ್ಳಬೇಕು. ಹ್ಯಾಕ್ ತರಹದ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಉಬುಂಟು ಲಿನಕ್ಸ್ ಹಾಕಿದ ಹಾಗೇ ಬಿಟ್ಟರೆ ಸಿಸ್ಟಮ್ ಲಾಗ್ ಉಳಿಯುವುದು ನಾಲ್ಕು ವಾರ, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ನ ಲಾಗ್ ಎರಡು ವಾರ. ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನ ಫೈಲ್‌ಗಳಲ್ಲಿ ಎರಡು ಅಂಕಿ ಬದಲಿಸಿದರೆ ಆಯಿತು. ಯಾರೂ ಬದಲಿಸಿರುವುದಿಲ್ಲ.

ಯಾವ ಲಿನಕ್ಸ್?

ಉಬುಂಟು ಎಲ್‌ಟಿಎಸ್ (ಹೆಚ್ಚು ವರ್ಷ ಬೆಂಬಲ ಇರುವ ಆವೃತ್ತಿ) ಅಥವಾ ಡೆಬಿಯನ್. ಇಆರ್‌ಪಿನೆಕ್ಸ್ಟ್, ಓಡೂ ಎರಡರ ಬಗ್ಗೆಯೂ ಸಿಗುವ ಸಹಾಯ ಹೆಚ್ಚುಕಡಿಮೆ ಇವುಗಳ ಮೇಲೇ ಬರೆದದ್ದು. ಉಬುಂಟು 22.04ಕ್ಕೆ 2027ರವರೆಗೆ, 24.04ಕ್ಕೆ 2029ರವರೆಗೆ ಮಾಮೂಲಿ ಬೆಂಬಲ ಇದೆ. ಉಬುಂಟು ಪ್ರೊ ಹಾಕಿಕೊಂಡರೆ ಇನ್ನೂ ಐದು ವರ್ಷ. ವೈಯಕ್ತಿಕ ಅಕೌಂಟ್‌ಗೆ ಐದು ಮೆಷಿನ್‌ವರೆಗೆ ಅದು ಉಚಿತ.

ಹೊಸದೇ ಒಳ್ಳೆಯದು ಅಂತ ಕಣ್ಣುಮುಚ್ಚಿ ಹೋಗಬೇಡಿ. ಇಆರ್‌ಪಿನೆಕ್ಸ್ಟ್ 15ಕ್ಕೆ ಪೈಥಾನ್ 3.10 ಸಾಕು, ಅದು 22.04ರಲ್ಲಿ ಜೊತೆಗೇ ಬರುತ್ತದೆ. 24.04ರಲ್ಲಿ ಪೈಥಾನ್ 3.12. ಅಲ್ಲಿ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಿಂದ ನೇರವಾಗಿ ಏನಾದರೂ ಹಾಕಲು ಹೋದರೆ ಸಿಸ್ಟಮ್ ಬಿಡುವುದಿಲ್ಲ, ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಬೇಕು. ಹಳೆಯ ಗೈಡ್‌ಗಳು ಮುರಿಯುವುದು ಇಲ್ಲೇ. ನಿಮ್ಮ ಸಾಫ್ಟ್‌ವೇರ್ ಆವೃತ್ತಿ ಯಾವ ಪೈಥಾನ್ ಕೇಳುತ್ತದೆ ಅಂತ ನೋಡಿ ಲಿನಕ್ಸ್ ಆರಿಸಿ.

ಸೆಂಟ್‌ಓಎಸ್ 7 ಮೇಲೆ ಹಾಕಿಕೊಡುತ್ತೇವೆ ಅನ್ನುವ ಪಾರ್ಟ್ನರ್ ಸಿಕ್ಕರೆ ಎದ್ದು ಬನ್ನಿ. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಆ ಬಗೆಯದೇ ಬೇಕು ಅಂದರೆ ರಾಕಿ ಅಥವಾ ಅಲ್ಮಾ ಇದೆ. ಅಮೆಜಾನ್ ಲಿನಕ್ಸ್ ಚೆನ್ನಾಗಿಯೇ ಇದೆ, ಆದರೆ ನಾಳೆ ಬೇರೆ ಕ್ಲೌಡ್‌ಗೆ ಹೋಗುವಾಗ ಎಲ್ಲ ಮತ್ತೆ ಮಾಡಬೇಕಾದೀತು.

ಮೆಷಿನ್ ಕೈಗೆ ಬಂದ ಮೇಲೆ

ಕೀಲಿ ಫೈಲ್‌ನಿಂದ ಮಾತ್ರ ಎಸ್‌ಎಸ್‌ಎಚ್ (ದೂರದಿಂದ ಮೆಷಿನ್‌ಗೆ ಲಾಗಿನ್ ಆಗುವ ದಾರಿ), ಪಾಸ್‌ವರ್ಡ್ ಲಾಗಿನ್ ಬಂದ್, ಫೈರ್‌ವಾಲ್‌ನಲ್ಲಿ ವೆಬ್ ಮತ್ತು ಎಸ್‌ಎಸ್‌ಎಚ್ ಬಿಟ್ಟು ಎಲ್ಲ ಬಂದ್. ಇದನ್ನು ಎಲ್ಲ ಗೈಡ್‌ನಲ್ಲೂ ಬರೆದಿರುತ್ತಾರೆ. ಬರೆಯದ ಕೆಲವು ಹೇಳುತ್ತೇನೆ.

ಡೇಟಾಬೇಸ್‌ಗೆ ಮೆಮೊರಿ ಕೊಡಿ. ಮರಿಯಾಡಿಬಿಯ ಬಫರ್ ಪೂಲ್ ಆಗಲಿ ಪೋಸ್ಟ್‌ಗ್ರೆಸ್‌ನ ಶೇರ್ಡ್ ಬಫರ್ ಆಗಲಿ, ಮೊದಲಿಗೆ ಇರುವುದು ಬರೀ 128 ಎಂಬಿ. 8 ಜಿಬಿ ಮೆಷಿನ್‌ಗೆ ದುಡ್ಡು ಕೊಟ್ಟು ಡೇಟಾಬೇಸನ್ನು 128 ಎಂಬಿಯಲ್ಲಿ ಕೂರಿಸಿದರೆ ಏನು ಬಂತು? ಅದೇ ಮೆಷಿನ್‌ನಲ್ಲಿ ಪೈಥಾನ್ ಕೂಡ ಓಡುವುದರಿಂದ 2 ಜಿಬಿ ಕೊಟ್ಟು ನೋಡಿ. ದೊಡ್ಡ ಮೆಷಿನ್‌ಗೆ ಏರುವ ಮುಂಚೆ ಇದನ್ನು ಮಾಡಿ, ಎಷ್ಟೋ ಸಲ ಏರುವುದೇ ಬೇಕಾಗಲ್ಲ.

ಕ್ಲೌಡ್‌ನ ಉಬುಂಟುವಿನಲ್ಲಿ ಸಾಮಾನ್ಯವಾಗಿ ಸ್ವಾಪ್ (ರ‍್ಯಾಮ್ ಸಾಲದಾದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಇರುವುದಿಲ್ಲ. 2 ಜಿಬಿ ಸ್ವಾಪ್ ಫೈಲ್ ಮಾಡಿ. ಗಡಿಯಾರ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿರುತ್ತದೆ. ಭಾರತದ ಸಮಯಕ್ಕೆ ತಿರುಗಿಸಿ, ಇಲ್ಲದಿದ್ದರೆ ಮಧ್ಯರಾತ್ರಿ ಓಡಬೇಕಾದ ಕೆಲಸ ಬೆಳಗ್ಗೆ ಐದೂವರೆಗೆ ಓಡುತ್ತದೆ.

ಬಿಲ್ ಇಮೇಲ್ ಹೋಗುತ್ತಿಲ್ಲ ಅನ್ನುವ ದೂರು ಮೊದಲ ವಾರವೇ ಬರುತ್ತದೆ. ಸ್ಪ್ಯಾಮ್ ಭಯಕ್ಕೆ ಬಹುತೇಕ ಎಲ್ಲ ಕ್ಲೌಡ್‌ಗಳೂ ಇಮೇಲ್ ಕಳಿಸುವ 25ನೇ ಪೋರ್ಟ್ ಮುಚ್ಚಿಡುತ್ತವೆ. ಡಿಜಿಟಲ್‌ಓಷನ್ 465 ಮತ್ತು 587 ಅನ್ನೂ ಮುಚ್ಚುತ್ತದೆ. ಅಲ್ಲಿ ಎಚ್‌ಟಿಟಿಪಿ ಮೇಲೆ ಅಥವಾ ಬೇರೆ ಪೋರ್ಟ್‌ನಲ್ಲಿ ಕೆಲಸ ಮಾಡುವ ಮೇಲ್ ಸೇವೆ ಬೇಕು. ಮೆಷಿನ್ ಕೊಳ್ಳುವ ಮುಂಚೆಯೇ ಇದನ್ನು ತೀರ್ಮಾನಿಸಿ.

ಆಮೇಲೆ ಕನ್ನಡ. ಬಿಲ್ಲಿನ ಮೇಲೆ ಗ್ರಾಹಕರ ಹೆಸರು ಕನ್ನಡದಲ್ಲಿ ಬರೆದಿದ್ದೀರಿ. ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಪಿಡಿಎಫ್‌ನಲ್ಲಿ ಬರೀ ಚೌಕಗಳು. ಪರದೆಗೆ ಫಾಂಟ್ ನಿಮ್ಮ ಲ್ಯಾಪ್‌ಟಾಪ್‌ನಿಂದ ಬರುತ್ತದೆ, ಪಿಡಿಎಫ್‌ಗೆ ಸರ್ವರ್‌ನಿಂದ. ಸರ್ವರ್ ಉಬುಂಟುವಿನಲ್ಲಿ ಕನ್ನಡ ಫಾಂಟ್ ಇರಲ್ಲ. ಗುಬ್ಬಿ, ನವಿಲು, ಲೋಹಿತ್, ನೋಟೋ, ಯಾವುದಾದರೂ ಒಂದನ್ನು ಪ್ಯಾಕೇಜಿನಿಂದ ಹಾಕಿ. ನಿಮ್ಮ ಬಿಲ್ಲಿನ ವಿನ್ಯಾಸದಲ್ಲಿ ಆ ಫಾಂಟ್ ಹೆಸರನ್ನೂ ಬರೆಯಿರಿ. ಫ್ರಾಪೆ ಕ್ಲೌಡ್ ತರಹದ ಕಡೆ ಹೋಗುವವರು ಟ್ರಯಲ್‌ನಲ್ಲೇ ಒಂದು ಕನ್ನಡ ಪಿಡಿಎಫ್ ತೆಗೆದು ನೋಡಿ, ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಗಮನಿಸಿ.

ಬ್ಯಾಕಪ್

ಕ್ಲೌಡ್‌ನಲ್ಲಿ ಇಟ್ಟಿದ್ದೇವೆ, ಬ್ಯಾಕಪ್ ಅವರೇ ಮಾಡುತ್ತಾರೆ ಅಂತ ಎರಡನೇ ಮತ್ತು ಮೂರನೇ ದಾರಿಯವರು ನಂಬಬೇಡಿ. ನೀವು ಆನ್ ಮಾಡಿ ದುಡ್ಡು ಕೊಡದಿದ್ದರೆ ಯಾರೂ ಮಾಡುವುದಿಲ್ಲ. ಡಿಜಿಟಲ್‌ಓಷನ್‌ನಲ್ಲಿ ವಾರಕ್ಕೊಮ್ಮೆಯ ಬ್ಯಾಕಪ್‌ಗೆ ಮೆಷಿನ್ ಬೆಲೆಯ 20 ಶೇಕಡಾ, ದಿನಾ ಬೇಕಿದ್ದರೆ 30 ಶೇಕಡಾ.

ಅದೂ ಪೂರ್ತಿ ಸಾಲದು. ಇಡೀ ಮೆಷಿನ್‌ನ ಸ್ನ್ಯಾಪ್‌ಶಾಟ್ ಅಂದರೆ ಕರೆಂಟ್ ಹೋದ ಕ್ಷಣದ ಡಿಸ್ಕ್ ಇದ್ದ ಹಾಗೆ. ಡೇಟಾಬೇಸ್ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಆದರೆ ಡೇಟಾಬೇಸ್‌ನ ಪ್ರತ್ಯೇಕ ಡಂಪ್ (ಡೇಟಾ ಪೂರ್ತಿ ಬರೆದಿಟ್ಟ ಫೈಲ್) ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ. ಇಆರ್‌ಪಿನೆಕ್ಸ್ಟ್ ತಾನಾಗಿ ಡಂಪ್ ತೆಗೆಯುತ್ತದೆ, ಆದರೆ ಅದೇ ಮೆಷಿನ್‌ನ ಅದೇ ಡಿಸ್ಕ್‌ನಲ್ಲಿ ಇಡುತ್ತದೆ. ಅಟ್ಯಾಚ್‌ಮೆಂಟ್ ಫೈಲ್‌ಗಳೂ ಸೇರಬೇಕು ಅಂದರೆ ಬೇರೆ ಹೇಳಬೇಕು. ಆ ಡಂಪನ್ನು ದಿನಾ ಬೇರೆ ಕಂಪನಿಯ ಸ್ಟೋರೇಜ್‌ಗೆ, ಭಾರತದೊಳಗೇ, ಕಳಿಸಿ. ಮೆಷಿನ್ ಬೆಂಗಳೂರಿನ ಡಿಜಿಟಲ್‌ಓಷನ್‌ನಲ್ಲಿದ್ದರೆ ಬ್ಯಾಕಪ್ ಮುಂಬೈನಲ್ಲಿರುವ ಎಡಬ್ಲ್ಯೂಎಸ್ ಸ್ಟೋರೇಜ್ ಎಸ್3ಗೆ. ಆ ಸ್ಟೋರೇಜ್‌ನ ಕೀಲಿಗೆ ಬರೆಯುವ ಹಕ್ಕು ಮಾತ್ರ ಕೊಡಿ, ಅಳಿಸುವ ಹಕ್ಕು ಬೇಡ. ಸರ್ವರ್‌ಗೆ ನುಗ್ಗಿದವರು ಬ್ಯಾಕಪ್ ಕೂಡ ಅಳಿಸಬಾರದಲ್ಲ.

ಅಕೌಂಟ್ ಯಾರ ಹೆಸರಿನಲ್ಲಿ?

ಇಆರ್‌ಪಿ ಹಾಕಿಕೊಡುವ ಪಾರ್ಟ್ನರ್ "ಸರ್ವರ್ ನಾವೇ ನೋಡ್ಕೋತೀವಿ, ವರ್ಷಕ್ಕೆ ಇಷ್ಟು ಕೊಡಿ" ಅನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಕ್ಲೌಡ್ ಅಕೌಂಟ್ ಅವರದು, ರೂಟ್ ಕೀಲಿ ಅವರದು, ಡೊಮೇನ್ ಕೂಡ ಅವರ ಹೆಸರಿನಲ್ಲಿ. ಎರಡು ವರ್ಷ ಆದ ಮೇಲೆ ಜಗಳ ಬಂದರೆ ನಿಮ್ಮ ಲೆಕ್ಕ ನಿಮ್ಮ ಕೈಯಲ್ಲಿರಲ್ಲ.

ಅಕೌಂಟನ್ನು ಕಂಪನಿಯ ಇಮೇಲ್‌ನಿಂದ ನೀವೇ ತೆರೆಯಿರಿ, ಒಬ್ಬ ನೌಕರನ ಸ್ವಂತ ಜಿಮೇಲ್‌ನಿಂದ ಬೇಡ. ಎರಡು ಹಂತದ ಲಾಗಿನ್ ಹಾಕಿ, ಅದರ ರಿಕವರಿ ಕೋಡ್ ಮುದ್ರಿಸಿ ಬೀರುವಿನಲ್ಲಿಡಿ. ಪಾರ್ಟ್ನರ್‌ಗೆ ಬೇರೆ ಯೂಸರ್ ಮಾಡಿ ಕೊಡಿ. ಎಡಬ್ಲ್ಯೂಎಸ್, ಅಜೂರ್, ಗೂಗಲ್‌ನಲ್ಲಿ ಅವರಿಗೆ ಏನೇನು ಮಾಡಲು ಬಿಡಬೇಕು ಅಂತ ಎಳೆ ಎಳೆಯಾಗಿ ಹೇಳಬಹುದು. ಮೂರನೇ ದಾರಿಯ ದೊಡ್ಡ ಲಾಭ ನನ್ನ ಕಣ್ಣಿಗೆ ಇದೇ. ಚಿಕ್ಕ ವಿಪಿಎಸ್ ಕಂಪನಿಗಳಲ್ಲಿ ಟೀಮ್ ಸೌಲಭ್ಯ ಇದೆ, ಇಷ್ಟು ಸೂಕ್ಷ್ಮ ಇಲ್ಲ. ಹಣ ಒಪ್ಪಿಸುವ ಮುಂಚೆ ಪಾರ್ಟ್ನರ್‌ಗೆ ಒಂದು ಕೆಲಸ ಹೇಳಿ: ನಿನ್ನೆಯ ಬ್ಯಾಕಪ್ ತೆಗೆದುಕೊಂಡು, ಹೊಸ ಖಾಲಿ ಮೆಷಿನ್ ಮೇಲೆ, ನಿಮ್ಮ ಮುಂದೆಯೇ ಇಡೀ ಇಆರ್‌ಪಿ ಮತ್ತೆ ನಿಲ್ಲಿಸಿ ತೋರಿಸಲಿ. ಅವರ ಹತ್ತಿರ ತಯಾರಿ ಇದ್ದರೆ ಅರ್ಧ ದಿನದಲ್ಲಿ ಮುಗಿಯುತ್ತದೆ. ಆ ಮೆಷಿನ್‌ನ ಬಾಡಿಗೆ ನೂರು ರೂಪಾಯಿಯೂ ದಾಟುವುದಿಲ್ಲ, ಆಮೇಲೆ ಅಳಿಸಿಬಿಡಿ.